ಕುಂಟಣ್ಣನನ್ನು ಮಣ್ಣು ಮಾಡಿದ ದಿನ

ಮಗಳು ಏನು ಓದಿದ್ದಾಳೆ ಎಂದು ಯಾರಾದರೂ ಕೇಳಿದರೆ ಜನಾರ್ದನ ಮೇಷ್ಟ್ರು ಮೊದಲು ಒಮ್ಮೆ ಕೆಮ್ಮುತ್ತಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ, ಶಿವಮೊಗ್ಗದ ಅರ್ಧ ಊರಿನ ಕಿವಿ ಹಿಂಡಿದ ಮನುಷ್ಯ ಅವರು. ಎಂಥೆಂಥ ಸಮಾಸಗಳನ್ನೋ ಬಿಡಿಸಿದ್ದ ಆ ನಾಲಿಗೆಗೆ ಮಗಳ ಓದಿನ ಹೆಸರು ಮಾತ್ರ ಹತ್ತುತ್ತಿರಲಿಲ್ಲ. ಮನುಷ್ಯರಿಗೂ ಪ್ರಾಣಿಗಳಿಗೂ ನಡುವೆ ಇರುವ ಸಂಬಂಧದ ಅಧ್ಯಯನ. ಬಿ.ಎಸ್ಸಿ. ಮುಗಿದ ಮೇಲೆ ಶ್ರೀಗೌರಿ ಎರಡು ವರ್ಷ ಅದನ್ನೇ ಓದಿ, ಒಂದು ಪ್ರಮಾಣಪತ್ರ ಹಿಡಿದುಕೊಂಡು ರವೀಂದ್ರನಗರದ ಮನೆಗೆ ವಾಪಸು ಬಂದಿದ್ದಳು.

"ಅದರಿಂದ ಏನು ಕೆಲ್ಸ ಸಿಗತ್ತೆ ಮಾರಾಯ್ತಿ?" ಎಂದು ಅಪ್ಪ ಕೇಳಿದ್ದರು.

ಅವಳು ಉತ್ಸಾಹದಿಂದ ಹೇಳಿದ್ದಳು. ಮೃಗಾಲಯದಲ್ಲಿ ಬಂದವರಿಗೆ ತಿಳಿವಳಿಕೆ ಕೊಡುವ ಕೆಲಸವಿದೆ. ಆನೆ, ಚಿರತೆ ಊರಿಗೆ ಬರುವ ಕಡೆ ಜನರ ಜೊತೆ ಮಾತಾಡುವ ಕೆಲಸವಿದೆ. ಸಂಶೋಧನೆ ಇದೆ. ದೊಡ್ಡ ಊರುಗಳಲ್ಲಿ ಪಳಗಿಸಿದ ನಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ, ಅದನ್ನು ಮುಟ್ಟಿದರೆ ರೋಗಿಗಳಿಗೆ ಸಮಾಧಾನವಾಗುತ್ತದೆ.

"ಸರಿ, ನಾಯಿಗೆ ಆಸ್ಪತ್ರೆಯಲ್ಲಿ ಕೆಲ್ಸ ಸಿಕ್ತು. ನಿನಗೇನು ಸಿಕ್ತು?"

ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಅಮ್ಮ ಸರಸ್ವತಿ ಕೂಡ ನಕ್ಕುಬಿಟ್ಟಿದ್ದರು. ಶ್ರೀಗೌರಿ ನಕ್ಕಿರಲಿಲ್ಲ. ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಮುಂದೆ ಆದದ್ದಕ್ಕೆಲ್ಲ ಅಪ್ಪನ ಈ ಕೀಟಲೆಯೇ ಕಾರಣ ಎಂದು ನಾನು ಹೇಳುವುದಿಲ್ಲ. ಮಂಗ ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ ಆಗುತ್ತದೆ. ಆದರೆ ಅವಳಿಗೆ ಕೆಲಸ ಬೇಕಿತ್ತು, ಬೇಗ ಬೇಕಿತ್ತು, ಅಪ್ಪನ ಬಾಯಿ ಮುಚ್ಚಿಸುವಂಥದ್ದೇ ಬೇಕಿತ್ತು. ಇಷ್ಟನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು.

ಗೋಪಾಳದಲ್ಲಿ ಸಹಜೀವಿ ಪ್ರತಿಷ್ಠಾನ ಎಂಬ ಒಂದು ಸಂಸ್ಥೆ ಇತ್ತು. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ಕೋಣೆ, ಗೋಡೆಯ ತುಂಬ ಆನೆ, ನವಿಲಿನ ಚಿತ್ರ. ಅದನ್ನು ನಡೆಸುತ್ತಿದ್ದ ವಿಜಯಕುಮಾರ್ ಶ್ರೀಗೌರಿಯನ್ನೂ ಇನ್ನಿಬ್ಬರನ್ನೂ ಹನ್ನೊಂದು ತಿಂಗಳ ತರಬೇತಿಗೆ ತೆಗೆದುಕೊಂಡರು. ಮಾರ್ಚಿಗೆ ತರಬೇತಿ ಮುಗಿಯುತ್ತದೆ, ಮೂವರಲ್ಲಿ ಒಬ್ಬರಿಗೆ ಕಾಯಂ ಕೆಲಸ. ಯಾರ ಅಧ್ಯಯನ ಪೂರ್ತಿಯಾಗಿ, ಬೇರೆ ಯಾರೂ ಮಾಡದ ಹಾಗೆ ಇರುತ್ತದೋ ಅವರಿಗೆ.

ವಿಜಯಕುಮಾರ್ ಮೊದಲ ದಿನವೇ ಒಂದು ಪಾಠ ಹೇಳಿಕೊಟ್ಟಿದ್ದರು. "ಜನರ ನಡುವೆ ಕೂತಾಗ ನೀವು ಗೋಡೆ ಇದ್ದಂಗೆ ಇರ್ಬೇಕು. ಗೋಡೆ ನೋಡತ್ತೆ, ಕೇಳತ್ತೆ, ಮಾತಾಡಲ್ಲ. ನೀವು ಬಾಯಿ ಬಿಟ್ರೆ ಅವರು ನಿಮಗೆ ಖುಷಿ ಆಗೋ ಹಂಗೆ ನಡ್ಕೊಳ್ಳೋಕೆ ಶುರು ಮಾಡ್ತಾರೆ. ಅಲ್ಲಿಗೆ ಅಧ್ಯಯನ ಕೆಟ್ಟುಹೋಯ್ತು. ಅವರೇನಾದ್ರೂ ನಿಮ್ಮ ಅಭಿಪ್ರಾಯ ಕೇಳಿದ್ರೆ, ಅದೇ ಪ್ರಶ್ನೆನ ಅವರಿಗೇ ವಾಪಸ್ ಕೊಡಿ."

ಶ್ರೀಗೌರಿ ಅದನ್ನು ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಳು. ಮೇಷ್ಟರ ಮಗಳು. ಪಾಠ ಹೇಳಿದರೆ ಚಾಚೂ ತಪ್ಪದೆ ಕಲಿಯುವುದೇ ಅವಳ ಅಭ್ಯಾಸ.

ಅವಳ ಪಾಲಿಗೆ ಬಂದದ್ದು ಭದ್ರಾವತಿಯ ಕಾಗದನಗರ, ಅಲ್ಲಿನ ಮಂಗಗಳು. ದಿನಾ ಬೆಳಗ್ಗೆ ಬಸ್ಸು ಹಿಡಿದು ಹೋಗುತ್ತಿದ್ದಳು. ಅಲ್ಲಿನ ಕಾಗದದ ಕಾರ್ಖಾನೆ ನಿಂತು ವರ್ಷಗಳಾಗಿದ್ದವು. ಕ್ವಾರ್ಟರ್ಸ್ ಸಾಲುಗಳಲ್ಲಿ ಮೂರರಲ್ಲಿ ಎರಡು ಮನೆ ಖಾಲಿ, ಖಾಲಿ ಮನೆಗಳಿಗೆ ಬಾಗಿಲಿಲ್ಲ, ಬಾಗಿಲಿದ್ದರೆ ಸೂರಿಲ್ಲ. ಮನುಷ್ಯರು ಬಿಟ್ಟುಹೋದ ಅಡಿಗೆಮನೆಗಳಲ್ಲಿ ಮಂಗಗಳು ಸಂಸಾರ ಹೂಡಿದ್ದವು. ಉಳಿದುಕೊಂಡ ಜನರಿಗೆ ಅದರಿಂದ ಅಷ್ಟೇನೂ ಬೇಸರವಿರಲಿಲ್ಲ. ಪಕ್ಕದ ಮನೆಯಲ್ಲಿ ಯಾರೂ ಇಲ್ಲದಿರುವುದಕ್ಕಿಂತ ಮಂಗ ಇರುವುದು ವಾಸಿ ಎಂದು ಉಜ್ಜನಪ್ಪ ಹೇಳುತ್ತಿದ್ದ.

ಉಜ್ಜನಪ್ಪ ಕಾರ್ಖಾನೆಯಲ್ಲಿ ಬಿದಿರು ಬೇಯಿಸುವ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದವನು. ಮಗಳು ಕವನಳನ್ನು ದಾವಣಗೆರೆಗೆ ಕೊಟ್ಟಾಗಿತ್ತು. ಮನೆಯಲ್ಲಿ ಅವನು, ಹೆಂಡತಿ ಶಂಕರಮ್ಮ. ಶಂಕರಮ್ಮನಿಗೆ ದಿನಾ ಬೆಳಗ್ಗೆ ಒಬ್ಬ ಅತಿಥಿ ಬರುತ್ತಿದ್ದ. ಎಡಗಾಲು ಎಳೆಯುತ್ತ ಕಾಂಪೌಂಡಿನ ಮೇಲೆ ಬಂದು ಕೂರುವ ಒಂದು ಮುದಿ ಗಂಡು ಮಂಗ. ಅವಳು ಅದಕ್ಕೆ ಕುಂಟಣ್ಣ ಎಂದು ಹೆಸರಿಟ್ಟಿದ್ದಳು. ಬೆಲ್ಲ ಕಲಸಿದ ಅನ್ನದ ಉಂಡೆಯನ್ನು ಅವಳು ಅಂಗೈಯಲ್ಲಿಟ್ಟು ಚಾಚಿದರೆ ಅದು ಒಂದು ಅಗುಳೂ ಚೆಲ್ಲದೆ ತೆಗೆದುಕೊಳ್ಳುತ್ತಿತ್ತು. ಬೇರೆಯವರು ಕೊಟ್ಟರೆ ಹಲ್ಲು ಕಿರಿಯುತ್ತಿತ್ತು. ಶ್ರೀಗೌರಿಯ ಅಧ್ಯಯನದಲ್ಲಿ ಕುಂಟಣ್ಣನಿಗೆ ಗಂ-ಏಳು ಎಂದೂ ಶಂಕರಮ್ಮನಿಗೆ ಹೆ-ಒಂದು ಎಂದೂ ಗುರುತು. ಜನರ ಹೆಸರು ಬರೆಯುವ ಹಾಗಿಲ್ಲ, ಅದೂ ಒಂದು ನಿಯಮ.

ಹೆ-ಒಂದು ಎಂಬ ಈ ಹೆಂಗಸು ನಿಯಮಗಳಿಗೆಲ್ಲ ಬಗ್ಗುವವಳಾಗಿರಲಿಲ್ಲ. ಎರಡನೇ ವಾರಕ್ಕೇ ಶ್ರೀಗೌರಿಯನ್ನು ಒಳಗೆ ಕರೆದು ರೊಟ್ಟಿ ಹಾಕಿದಳು. "ಮಂಗನ್ನ ನೋಡೋಕೆ ಬಸ್ ಹತ್ಕೊಂಡು ಬರ್ತೀಯಲ್ಲ ಮಾರಾಯ್ತಿ. ನಿಮ್ಮೂರಲ್ಲಿ ಕನ್ನಡಿ ಇಲ್ವಾ?" ಎಂದು ನಗಿಸಿದಳು. ಶ್ರೀಗೌರಿಗೆ ತಲೆನೋವು ಬಂದ ದಿನ ಮಡಿಲಲ್ಲಿ ತಲೆ ಇಟ್ಟುಕೊಂಡು ಎಣ್ಣೆ ತಟ್ಟಿದಳು. ಗೋಡೆಗೆ ಯಾರಾದರೂ ಎಣ್ಣೆ ತಟ್ಟುತ್ತಾರೆಯೇ? ಆದರೂ ಶ್ರೀಗೌರಿ ಸಂಜೆ ಬಸ್ಸಿನಲ್ಲಿ ಕೂತು ಅದನ್ನೂ ಬರೆದುಕೊಂಡಳು.

ಫೆಬ್ರವರಿಯ ಮೊದಲ ವಾರ ಅವಳಿಗೆ ನೀಲಗಿರಿ ತೋಪಿನ ಅಂಚಿನಲ್ಲಿ ಸತ್ತುಬಿದ್ದ ಒಂದು ಮಂಗ ಕಂಡಿತು. ಮೂರು ದಿನ ಬಿಟ್ಟು ಇನ್ನೊಂದು. ಶಿವಮೊಗ್ಗ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಂಗನ ಕಾಯಿಲೆ. ಸತ್ತ ಮಂಗದ ಮೈಯಿಂದ ಉಣ್ಣೆಗಳು ಇಳಿದು ಸುತ್ತಲಿನವರಿಗೆ ಕಚ್ಚುತ್ತವೆ, ಕಚ್ಚಿದವರಿಗೆ ಜ್ವರ ಹತ್ತುತ್ತದೆ, ಕೆಲವರು ಏಳುವುದೇ ಇಲ್ಲ. ಮಂಗ ಸತ್ತದ್ದು ಕಂಡ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸಬೇಕು, ಅವರು ಬಂದು ಪರೀಕ್ಷೆಗೆ ಕಳಿಸಿ, ಹೆಣ ಸುಟ್ಟು, ಸುತ್ತ ಉಣ್ಣೆ ಸಾಯುವ ಪುಡಿ ಹಾಕುತ್ತಾರೆ. ಕಾಗದನಗರದವರು ಮಾತ್ರ ಅದು ತೀರ್ಥಹಳ್ಳಿ, ಸಾಗರದ ಕಡೆಯ ಕಾಯಿಲೆ, ಕಾಡಿಗೆ ಸೊಪ್ಪು ತರಲು ಹೋಗುವವರ ಕಾಯಿಲೆ ಎಂದುಕೊಂಡಿದ್ದರು. ಶ್ರೀಗೌರಿಗೆ ಎಲ್ಲ ಗೊತ್ತಿತ್ತು. ಮಾರನೆಯ ದಿನದಿಂದ ಅವಳು ಉಣ್ಣೆ ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆಯನ್ನು ಕೈಕಾಲಿಗೆ ಬಳಿದುಕೊಂಡು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡು ಬರತೊಡಗಿದಳು. ಇಲಾಖೆಗೆ ಫೋನು ಮಾಡಬೇಕು ಎಂದೂ ಅಂದುಕೊಂಡಳು. ಮಾಡಿದರೆ ಅವರು ಬಂದು ಓಡಾಟ ನಿಲ್ಲಿಸುತ್ತಾರೆ, ಅಧ್ಯಯನ ಅರ್ಧಕ್ಕೆ ನಿಲ್ಲುತ್ತದೆ, ತರಬೇತಿ ಮುಗಿಯಲು ಇನ್ನು ಐದೇ ವಾರ. ಇನ್ನೊಂದು ಕಂಡರೆ ಮಾಡೋಣ ಎಂದುಕೊಂಡಳು.

ಇನ್ನೊಂದು ಕಂಡಿತು. ಅದು ಕುಂಟಣ್ಣ.

ಬೆಳಗ್ಗೆ ಏಳೂವರೆಗೆ ಶ್ರೀಗೌರಿ ಹೋಗುವಷ್ಟರಲ್ಲಿ ಶಂಕರಮ್ಮನ ಮನೆ ಮುಂದೆ ಹತ್ತು ಹದಿನೈದು ಜನ ಸೇರಿದ್ದರು. ಕುಂಟಣ್ಣ ಕಾಂಪೌಂಡಿನ ಬುಡದಲ್ಲಿ, ಯಾವಾಗಲೂ ಬಂದು ಕೂರುವ ಜಾಗದ ಕೆಳಗೇ ಬಿದ್ದಿತ್ತು. ಉಂಡೆ ತಿನ್ನಲೆಂದೇ ಬಂದು ಬಿದ್ದಿದ್ದಿರಬೇಕು. ಆಂಜನೇಯನ ಗುಡಿಯ ಪೂಜೆ ನೋಡಿಕೊಳ್ಳುತ್ತಿದ್ದ ರಂಗಪ್ಪ ಆಗಲೇ ತೀರ್ಮಾನ ಹೇಳಿದ್ದ. ಹನುಮಂತ ತಾನಾಗಿ ಬಂದು ಮನೆ ಬಾಗಿಲಲ್ಲಿ ಪ್ರಾಣ ಬಿಟ್ಟಿದ್ದಾನೆ, ಮನುಷ್ಯರಿಗೆ ಮಾಡುವ ಹಾಗೆ ಮಾಡಬೇಕು. ಸ್ನಾನ ಮಾಡಿಸಿ, ಕುರ್ಚಿಯ ಮೇಲೆ ಕೂರಿಸಿ, ಹಾರ ಹಾಕಿ, ಭಜನೆ ಮಾಡುತ್ತ ಬೀದಿ ಸುತ್ತಿಸಿ, ಗುಡಿಯ ಹಿಂದೆ ಮಣ್ಣು ಮಾಡಬೇಕು. ಎಲ್ಲರೂ ಪಾದ ಮುಟ್ಟಿ ನಮಸ್ಕಾರ ಮಾಡಬೇಕು. ಈ ಪದ್ಧತಿ ನಮ್ಮ ಕಡೆ ಹೊಸದೇನಲ್ಲ. ಆದರೆ ಮೊದಲಿಂದ ಕೊನೆಯವರೆಗೆ ಕೂತು ಬರೆದಿಟ್ಟವರನ್ನು ಶ್ರೀಗೌರಿ ಕಂಡಿರಲಿಲ್ಲ. ಅವಳ ಎದೆ ಡವಗುಟ್ಟಿತು. ಹೆದರಿಕೆಯಿಂದ ಅಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸಂತೋಷದಿಂದ.

ಅವಳು ಹತ್ತು ಮಾರು ದೂರದಲ್ಲಿ ಸಿಮೆಂಟು ಕಟ್ಟೆಯ ಮೇಲೆ ನಿಂತು ಫೋನು ತೆಗೆದು ವಿಡಿಯೋ ಶುರು ಮಾಡಿದಳು.

ಉಜ್ಜನಪ್ಪ ಹೆಂಡತಿಯ ಹತ್ತಿರ ಏನೋ ಹೇಳುತ್ತಿದ್ದ. ಬೇಡ ಎನ್ನುವ ಹಾಗೆ ಕೈ ಆಡಿಸುತ್ತಿದ್ದ. ಶಂಕರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಅವನನ್ನು ಅಲ್ಲೇ ಬಿಟ್ಟು, ನೇರವಾಗಿ ಶ್ರೀಗೌರಿಯ ಹತ್ತಿರ ಬಂದಳು.

"ಇವರು ಮುಟ್ಬೇಡ ಅಂತಾರೆ. ಏನೋ ಕಾಯಿಲೆ ಇರತ್ತಂತೆ. ನೀನು ಇದನ್ನೇ ಓದ್ದೋಳು ಅಲ್ವಾ ಮಗಳೇ. ಮುಟ್ಬಹುದಾ?"

ಕ್ಯಾಮೆರಾ ಓಡುತ್ತಿತ್ತು. ಶ್ರೀಗೌರಿಗೆ ಉತ್ತರ ಗೊತ್ತಿತ್ತು. ಬಾಯಿ ತನಕ ಬಂದೂ ಇತ್ತು. ಬೇಡ ಎಂದರೆ ಶಂಕರಮ್ಮ ಕೇಳುತ್ತಾಳೆ. ಅವಳು ಕೇಳಿದರೆ ಊರೂ ಕೇಳುತ್ತದೆ. ಜನ ಚದುರುತ್ತಾರೆ, ಜೀಪು ಬರುತ್ತದೆ, ಹತ್ತು ತಿಂಗಳ ಕೊನೆಯಲ್ಲಿ ತಾನಾಗಿ ಬಂದು ಕಾಲ ಬಳಿ ಬಿದ್ದದ್ದು ಕೈ ತಪ್ಪಿಹೋಗುತ್ತದೆ. ಇಷ್ಟೆಲ್ಲ ಅವಳು ಒಂದೊಂದಾಗಿ ಯೋಚಿಸಿದಳೆಂದಲ್ಲ. ಯೋಚಿಸಬೇಕಾದ ಕಷ್ಟವೇ ಇರಲಿಲ್ಲ. ಕಲಿತ ಪಾಠ ಇತ್ತಲ್ಲ, ಅದು ನಾಲಿಗೆಯ ಮೇಲೆ ತಾನೇ ಬಂದು ಕೂತಿತು.

"ನಿಮಗೇನನ್ಸುತ್ತಮ್ಮ?" ಎಂದಳು.

ಶಂಕರಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಅವಳ ಮುಖ ಹಗುರಾಯಿತು. "ನನಗಾ? ನನಗೆ ಅವನ್ನ ಹಂಗೇ ನೆಲದ ಮೇಲೆ ಬಿಡೋಕೆ ಮನಸ್ಸಿಲ್ಲವ್ವ," ಎಂದು ಹೇಳಿ ವಾಪಸು ಹೋದಳು.

ಕುಂಟಣ್ಣನನ್ನು ಶಂಕರಮ್ಮ ತೊಡೆಯ ಮೇಲೆ ಮಲಗಿಸಿಕೊಂಡಳು. ಅರಿಶಿನ ನೀರಿನಲ್ಲಿ ಮೈ ತೊಳೆದಳು. ಕೈಬೆರಳಿನಿಂದ ತುಟಿ ಬಿಡಿಸಿ ಹಾಲು ಬಿಟ್ಟಳು. ಮುಕ್ಕಾಲು ಗಂಟೆ ಅದು ಅವಳ ಮಡಿಲಲ್ಲಿತ್ತು. ಮಿಕ್ಕವರು ಒಬ್ಬೊಬ್ಬರಾಗಿ ಬಂದು ಪಾದ ಮುಟ್ಟಿದರು. ಯಾರು ಮೊದಲು, ಯಾರು ಎಷ್ಟು ಹೊತ್ತು, ಯಾರು ಕೈಯಿಂದ, ಯಾರು ಹಣೆಯಿಂದ, ಶ್ರೀಗೌರಿ ಎಲ್ಲವನ್ನೂ ಬರೆದುಕೊಂಡಳು. ಇಪ್ಪತ್ತೆರಡು ಜನ. ಉಜ್ಜನಪ್ಪನೂ ಕೊನೆಗೆ ಬಂದು ಮುಟ್ಟಿದ. ತಾಳ, ಭಜನೆ, ಕುರ್ಚಿ, ಚೆಂಡುಹೂವಿನ ಹಾರ. ಹನ್ನೊಂದು ಗಂಟೆಗೆ ಮಣ್ಣು ಮಾಡಿ ಮುಗಿಯಿತು.

ಮೂರು ದಿನ ಕೂತು ಅವಳು ಮೂವತ್ತು ಪುಟ ಬರೆದಳು. ವಿಜಯಕುಮಾರ್ ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಲ್ಲೂ ಇಂಥದ್ದು ನೋಡಿಲ್ಲ ನಾನು," ಎಂದರು. ಆಮೇಲೆ ಕೇಳಿದರು, "ಇಲಾಖೆಗೆ ಹೇಳಿದ್ರಿ ತಾನೆ?"

"ನಾನು ಹೋಗೋಷ್ಟ್ರಲ್ಲಿ ಎಲ್ಲಾ ಮುಗೀತಾ ಬಂದಿತ್ತು ಸರ್."

ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ವಿಜಯಕುಮಾರ್ ಮೇಜಿನ ಮೇಲಿದ್ದ ಪುಟಗಳನ್ನು ನೋಡಿದರು. ಸಮಯ ಪ್ರತಿ ಸಾಲಿನ ಪಕ್ಕದಲ್ಲೂ ಬರೆದಿತ್ತು, ಏಳು ಮೂವತ್ತೆರಡರಿಂದ. ಅವರು ಕನ್ನಡಕ ಹಾಕಿಕೊಳ್ಳಲಿಲ್ಲ.

ಆರನೆಯ ದಿನ ಅವಳು ಹೋದಾಗ ಶಂಕರಮ್ಮ ಮಲಗಿದ್ದಳು. ಹಿಂದಿನ ದಿನದಿಂದ ಜ್ವರ, ತಲೆ ಸಿಡಿಯುವ ನೋವು, ಸೊಂಟ ಎತ್ತಲಾಗದು. ಹತ್ತಿರದ ಡಾಕ್ಟರು ಇಂಜೆಕ್ಷನ್ ಕೊಟ್ಟು ಮೂರು ದಿನದ ಮಾತ್ರೆ ಬರೆದಿದ್ದರು. ಅವರಿಗೆ ಯಾರೂ ಮಂಗದ ಸುದ್ದಿ ಹೇಳಿರಲಿಲ್ಲ. ಜ್ವರಕ್ಕೂ ದೇವರ ಕೆಲಸಕ್ಕೂ ಸಂಬಂಧ ಇದೆಯೆಂದು ಯಾರಿಗೂ ಹೊಳೆದಿರಲಿಲ್ಲ.

"ಬಿಸಿಲಲ್ಲಿ ತಿರುಗಿದ್ದಕ್ಕೆ ಅಂತಾರೆ ಇವರು," ಎಂದಳು ಶಂಕರಮ್ಮ. "ನೀನು ರೊಟ್ಟಿ ತಿನ್ನು. ಡಬ್ಬಿಲಿದೆ."

ಶ್ರೀಗೌರಿ ರೊಟ್ಟಿ ತಿನ್ನಲಿಲ್ಲ. "ದೊಡ್ಡಾಸ್ಪತ್ರೆಗೆ ಹೋಗಿ ಒಂದ್ಸಲ ರಕ್ತ ಪರೀಕ್ಷೆ ಮಾಡಿಸ್ಬಹುದಿತ್ತು," ಎಂದಳು.

"ಯಾಕವ್ವ, ಏನಾದ್ರೂ ಹೆಚ್ಚುಕಡಿಮೆ ಕಾಣತ್ತಾ?" ಎಂದು ಉಜ್ಜನಪ್ಪ ಬಾಗಿಲಿನಿಂದ ಕೇಳಿದ.

ಆಗ ಹೇಳಬಹುದಿತ್ತು. ಆಗಲೂ ಹೇಳಬಹುದಿತ್ತು. ಈ ಜ್ವರಕ್ಕೆ ಇಂಥದ್ದೇ ಔಷಧಿ ಎಂದಿಲ್ಲದಿದ್ದರೂ ಬೇಗ ಆಸ್ಪತ್ರೆ ಸೇರಿದವರು ಉಳಿದುಕೊಳ್ಳುತ್ತಾರೆ ಎಂದು ಅವಳು ಎಷ್ಟು ಸಲ ಓದಿದ್ದಳೋ ಏನೋ. ಆದರೆ ಹೇಳಿದರೆ ಮುಂದಿನ ಪ್ರಶ್ನೆ ಇತ್ತು. ನಿನಗೆ ಗೊತ್ತಿತ್ತಾ? ಆ ಪ್ರಶ್ನೆಯ ಮುಂದೆ ನಿಲ್ಲುವ ಧೈರ್ಯ ಅವಳಿಗಿರಲಿಲ್ಲ. ಈ ಬಿಸಿಲಿಗೆ ಊರಲ್ಲಿ ಎಷ್ಟೊಂದು ಜನಕ್ಕೆ ಜ್ವರ ಬಂದಿದೆ, ಮಾತ್ರೆಗೆ ಇಳಿಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

"ಹಂಗೇನಿಲ್ಲ. ಸುಮ್ನೆ ಹೇಳ್ದೆ," ಎಂದಳು.

ಮಾತು ಆಡಿದರೆ ಹೋಯಿತು ಎನ್ನುತ್ತಾರೆ ಹಿರಿಯರು. ಆಡದೆಯೂ ಹೋಗುತ್ತದೆ.

ಎರಡು ದಿನ ಅವಳು ಭದ್ರಾವತಿಯ ಕಡೆ ತಲೆ ಹಾಕಲಿಲ್ಲ. ತನಗೂ ಜ್ವರ ಎಂದು ಮನೆಯಲ್ಲಿ ಹೇಳಿ ಮುಸುಕು ಹಾಕಿ ಮಲಗಿದಳು. ಅಮ್ಮ ಮುಟ್ಟಿ ನೋಡಿ, "ಮೈ ತಣ್ಣಗಿದೆಯಲ್ಲೇ," ಎಂದರು. ಮೂರನೆಯ ದಿನ ತಡೆಯಲಾರದೆ ಎದ್ದು ಮೊದಲ ಬಸ್ಸಿಗೆ ಹೋದಳು. ಶಂಕರಮ್ಮನ ದಿಂಬಿನ ಮೇಲೆ ಹಾಸಿದ್ದ ಟವೆಲಿನಲ್ಲಿ ರಕ್ತದ ಕಲೆಗಳಿದ್ದವು. ವಸಡಿನಿಂದ ಸೋರುತ್ತಿತ್ತು. ಕಣ್ಣು ಕೆಂಡವಾಗಿತ್ತು. ಅವಳು ಶ್ರೀಗೌರಿಯನ್ನು ಕವನ ಎಂದು ಕರೆದಳು.

ಆಗ ಬಾಯಿ ಬಂತು ಶ್ರೀಗೌರಿಗೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆಂಬುಲೆನ್ಸಿಗೆ ಫೋನು, ಇಲಾಖೆಗೆ ಫೋನು, ಮಂಗ ಸತ್ತಿತ್ತು, ಮುಟ್ಟಿದ್ದಾರೆ, ಇಪ್ಪತ್ತೆರಡು ಜನ ಮುಟ್ಟಿದ್ದಾರೆ. ಮಧ್ಯಾಹ್ನದೊಳಗೆ ಶಂಕರಮ್ಮ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಳು. ಕಾಗದನಗರಕ್ಕೆ ಜೀಪು ಬಂದು, ಗುಡಿಯ ಹಿಂದಿನ ಮಣ್ಣಿಗೆಲ್ಲ ಬಿಳಿ ಪುಡಿ ಬಿತ್ತು. ಯಾರ್ಯಾರು ಮುಟ್ಟಿದ್ದು ಎಂದು ಕೇಳಲು ಬಂದ ಸಿಬ್ಬಂದಿಗೆ ಜನ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಶ್ರೀಗೌರಿ ನೋಟುಬುಕ್ಕು ತೆಗೆದು, ಹೆ-ಒಂದು ಶಂಕರಮ್ಮ, ಗಂಡಸು ನಾಲ್ಕು ರಂಗಪ್ಪ ಎಂದು ಒಂದೊಂದೇ ಗುರುತು ಓದಿ ಅದರ ಹೆಸರು ಹೇಳಿದಳು. ಅವರಲ್ಲಿ ನಾಲ್ವರಿಗೆ ಆಗಲೇ ಮೈ ಬೆಚ್ಚಗಿತ್ತು. ನಾಲ್ವರನ್ನೂ ಅವತ್ತೇ ಸೇರಿಸಿದರು, ನಾಲ್ವರೂ ಉಳಿದರು.

ಶಂಕರಮ್ಮ ಆಸ್ಪತ್ರೆ ಸೇರಿದ ಐದನೆಯ ದಿನ ಹೋದಳು.

ಆಸ್ಪತ್ರೆಯ ವರಾಂಡದಲ್ಲಿ ಉಜ್ಜನಪ್ಪ ಅಳಲಿಲ್ಲ. ಹೆಂಡತಿಯ ಚಪ್ಪಲಿಗಳನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಇಲಾಖೆಯ ಹೆಂಗಸೊಬ್ಬಳು ಶ್ರೀಗೌರಿಯ ಭುಜ ಹಿಡಿದು, "ನಿಮ್ಮ ಪಟ್ಟಿ ಇಲ್ದಿದ್ರೆ ಇನ್ನೂ ಎಷ್ಟು ಜನ ಹೋಗ್ತಿದ್ರೋ," ಎಂದಳು. ಪತ್ರಿಕೆಯೊಂದು ಒಳಪುಟದಲ್ಲಿ ಅವಳ ಚಿತ್ರ ಹಾಕಿತು. ಜನಾರ್ದನ ಮೇಷ್ಟ್ರು ಆ ಪುಟವನ್ನು ಕತ್ತರಿಸಿ ದೇವರ ಮನೆಯ ಪಕ್ಕದ ಗೋಡೆಗೆ ಅಂಟಿಸಿದರು. ಈಗ ಯಾರಾದರೂ ಕೇಳಿದರೆ ಅವರು ಕೆಮ್ಮುತ್ತಿರಲಿಲ್ಲ. "ನಾಲ್ಕು ಜೀವ ಉಳಿಸಿದ್ದಾಳೆ ನಮ್ಮ ಮಗಳು. ಅದಕ್ಕೂ ಒಂದು ಓದಿದೆ ಸ್ವಾಮಿ," ಎನ್ನುತ್ತಿದ್ದರು. ಶ್ರೀಗೌರಿ ಆ ಗೋಡೆಯ ಕಡೆ ನೋಡದೆ ಊಟಕ್ಕೆ ಕೂರುವುದನ್ನು ಅಭ್ಯಾಸ ಮಾಡಿಕೊಂಡಳು.

ಮಾರ್ಚಿನ ಕೊನೆಗೆ ವಿಜಯಕುಮಾರ್ ಅವಳನ್ನು ಕರೆಸಿದರು. ಕೆಲಸ ಅವಳಿಗೇ. ಮಂಗನ ಕಾಯಿಲೆಯ ಬಗ್ಗೆ ಊರೂರಿಗೆ ಹೋಗಿ ತಿಳಿವಳಿಕೆ ಕೊಡುವ ಹೊಸ ಯೋಜನೆ ಬಂದಿದೆ, ಅದರ ಹೊಣೆ ಅವಳದು. ಅವರು ಮುಂದಿಟ್ಟ ನೇಮಕದ ಕಾಗದಕ್ಕೆ ಶ್ರೀಗೌರಿ ಕೈ ಚಾಚಲಿಲ್ಲ.

"ಸರ್, ಅವತ್ತು ಅವರು ಮುಟ್ಬಹುದಾ ಅಂತ ನನ್ನೇ ಕೇಳಿದ್ರು. ನಾನು ಬೇಡ ಅನ್ನಲಿಲ್ಲ. ಅದೇ ಪ್ರಶ್ನೆ ಅವರಿಗೇ ವಾಪಸ್ ಕೊಟ್ಟೆ."

ವಿಜಯಕುಮಾರ್ ಕಿಟಕಿಯ ಕಡೆ ತಿರುಗಿದರು. "ನಾನು ಹೇಳಿದ್ದು ಇಂಥದ್ದಕ್ಕಲ್ಲಮ್ಮ," ಎಂದರು. "ಬೆಂಕಿ ಬಿದ್ರೆ ಗೋಡೆ ಥರ ನಿಲ್ಲು ಅಂತ ಯಾರಾದ್ರೂ ಹೇಳ್ತಾರಾ?" ಹೊರಗೆ ಲಾರಿಯಿಂದ ಕಬ್ಬಿಣದ ಸರಳು ಇಳಿಸುವ ಸದ್ದು ನಿಂತ ಮೇಲೆ ಮೆಲ್ಲಗೆ ಹೇಳಿದರು, "ಆ ಒಂದು ಮಾತು ವರದಿಲಿ ಬೇಡ. ಹೋದವರು ವಾಪಸ್ ಬರಲ್ಲ. ಸಂಸ್ಥೆ ಉಳಿದ್ರೆ ನಾಳೆ ನಾಲ್ಕು ಜನಕ್ಕೆ ಉಪಯೋಗ ಆಗತ್ತೆ."

ಅವಳು ಆ ಕಾಗದಕ್ಕೆ ಸಹಿ ಹಾಕಿದಳು. ಯಾಕೆ ಹಾಕಿದಳು ಎಂದು ನನ್ನನ್ನು ಕೇಳಬೇಡಿ. ಅಪ್ಪನ ಗೋಡೆಯ ಮೇಲಿನ ಚಿತ್ರ ನೆನಪಾಗಿರಬಹುದು. ಮುಂದಾದರೂ ಒಂದು ಜೀವ ಉಳಿಸಿದರೆ ಲೆಕ್ಕ ಸರಿಹೋದೀತು ಎಂಬ ಆಸೆ ಇರಬಹುದು. ಆಸೆಗೇನು, ಯಾರಿಗೂ ಇರುತ್ತದೆ.

ಹೊಸ ಕೆಲಸದ ಮೊದಲ ವಾರ ಆಟೋ ಪ್ರಚಾರ. ಗೋಪಾಳದ ಕಚೇರಿಯಲ್ಲಿ ಕೂತು ಅವಳದೇ ದನಿಯಲ್ಲಿ ರೆಕಾರ್ಡ್ ಮಾಡಿ, ಮೈಕು ಕಟ್ಟಿದ ಆಟೋದಲ್ಲಿ ಹೊರಟರು. ಓಡಿಸುವವನು ಭೂತಪ್ಪ ಎಂಬ ನಡುವಯಸ್ಸಿನವನು, ಚುನಾವಣೆಯಿಂದ ಹಿಡಿದು ನಾಟಕದವರೆಗೆ ಎಲ್ಲಕ್ಕೂ ಮೈಕು ಕಟ್ಟಿ ಅನುಭವವಿದ್ದವನು. ಕಾಗದನಗರವನ್ನು ಕೊನೆಗೆ ಇಟ್ಟುಕೊಳ್ಳೋಣ ಎಂದು ಶ್ರೀಗೌರಿ ದಿನ ತಳ್ಳಿದಳು. ಶುಕ್ರವಾರಕ್ಕೆ ತಳ್ಳಲು ದಿನ ಉಳಿಯಲಿಲ್ಲ.

"ಸತ್ತ ಮಂಗವನ್ನು ಮುಟ್ಟಬೇಡಿ. ಸತ್ತ ಮಂಗ ಕಂಡರೆ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸಿ. ಜ್ವರ ಬಂದರೆ ತಡ ಮಾಡಬೇಡಿ, ಆಸ್ಪತ್ರೆಗೆ ಬನ್ನಿ."

ಖಾಲಿ ಕ್ವಾರ್ಟರ್ಸುಗಳ ನಡುವೆ ಅವಳ ದನಿ ಒಂದಕ್ಕೆ ಎರಡಾಗಿ ಕೇಳಿಸುತ್ತಿತ್ತು. ಉಜ್ಜನಪ್ಪನ ಮನೆಯ ತಿರುವಿನಲ್ಲಿ ಭೂತಪ್ಪ ಆಟೋ ನಿಲ್ಲಿಸಿದ, ಬೀದಿಗೆ ಮೂರು ಸಲ ಹಾಕುವುದು ಅವನ ಪದ್ಧತಿ. ಉಜ್ಜನಪ್ಪ ಹೊರಗೆ ಬಂದು ಕಾಂಪೌಂಡಿಗೆ ಕೈ ಊರಿ ನಿಂತ. ತಿಂಗಳಲ್ಲಿ ಹತ್ತು ವರ್ಷ ಮುದಿಯಾಗಿದ್ದ. ಮೂರು ಸಲವೂ ಪೂರ್ತಿ ಕೇಳಿದ. ಆಮೇಲೆ ಆಟೋದ ಹತ್ತಿರ ಬಂದ.

"ನಿನ್ನ ದನಿನೇ ಅಲ್ವೇನವ್ವ ಇದು?"

"ಹೌದು ಯಜಮಾನ್ರೇ."

"ಚೆನ್ನಾಗಿ ಹೇಳ್ತೀಯ. ಎಲ್ರಿಗೂ ಅರ್ಥ ಆಗತ್ತೆ." ಅವನು ಮೈಕಿನ ಬಾಯನ್ನು ನೋಡಿದ. "ಅವತ್ತು ನಾನು ಬೇಡ ಬೇಡ ಅಂತ ಬಡ್ಕೊಂಡೆ. ಅವಳು ನಿನ್ನತ್ರ ಬಂದು ಹೋದ್ಮೇಲೆ ನನಗೆ ಹೇಳಿದ್ಲು, 'ಆ ಹುಡುಗಿ ಅಲ್ಲೇ ನಿಂತಿದಾಳೆ. ಅಪಾಯ ಇದ್ದಿದ್ರೆ ಅವಳು ಸುಮ್ನಿರ್ತಿದ್ಲಾ? ನಮ್ಮ ಮನೆ ರೊಟ್ಟಿ ತಿಂದ ಮಗು' ಅಂತ. ಅದಕ್ಕೇ ನಾನೂ ಹೋಗಿ ಮುಟ್ಟಿದೆ."

ಶ್ರೀಗೌರಿ ಆಟೋದಿಂದ ಇಳಿದಳು.

"ನಿನಗೆ ಇದೆಲ್ಲ ಆಮೇಲೆ ಗೊತ್ತಾಗಿದ್ದಾ ಅವ್ವ?" ಅವನು ಕೇಳಿದ. ಹೌದು ಎನ್ನಲಿ ಎಂಬ ಬೇಡಿಕೆ ಅವನ ದನಿಯಲ್ಲೇ ಇತ್ತು. ಹೌದು ಎಂದಿದ್ದರೆ ನಂಬುತ್ತಿದ್ದ. ಒಳಗೆ ಕರೆದು ಕೂರಿಸುತ್ತಿದ್ದ.

"ಮೊದ್ಲೇ ಗೊತ್ತಿತ್ತು," ಎಂದಳು ಶ್ರೀಗೌರಿ.

"ಅವಳು ಕೇಳ್ದಾಗ?"

"ಆಗ್ಲೂ ಗೊತ್ತಿತ್ತು. ಜ್ವರ ಬಂದಾಗ್ಲೂ ಗೊತ್ತಿತ್ತು."

ಉಜ್ಜನಪ್ಪ ಬೈಯಲಿಲ್ಲ, ಕೈ ಎತ್ತಲಿಲ್ಲ. ಬೈದಿದ್ದರೆ ಅವಳು ಆ ಮಣ್ಣಿನಲ್ಲೇ ಕೂತು ಅಳಬಹುದಿತ್ತು. ಅವನು ಭೂತಪ್ಪನ ಕಡೆ ತಿರುಗಿ, "ಅದನ್ನ ಇನ್ನೊಂದ್ಸಲ ಹಾಕಪ್ಪ," ಎಂದ. ಭೂತಪ್ಪ ಏನೂ ತಿಳಿಯದೆ ಗುಂಡಿ ಒತ್ತಿದ. ಸತ್ತ ಮಂಗವನ್ನು ಮುಟ್ಟಬೇಡಿ ಎಂಬಲ್ಲಿಗೆ ಉಜ್ಜನಪ್ಪ ಸಾಕೆನ್ನುವ ಹಾಗೆ ಕೈ ತೋರಿಸಿದ. ಭೂತಪ್ಪ ನಿಲ್ಲಿಸಿದ.

"ಮೂರೇ ಮಾತು," ಎಂದ ಉಜ್ಜನಪ್ಪ. ಒಂದೊಂದಕ್ಕೂ ಒಂದೊಂದು ಬೆರಳು ಮಡಚಿದ್ದ, ಆ ಬೆರಳುಗಳನ್ನೇ ನೋಡುತ್ತಿದ್ದ. "ಅವತ್ತು ಇಷ್ಟೇ ಹೇಳಿದ್ರೆ ಆಗ್ತಿತ್ತಲ್ಲವ್ವ."

ಅವನು ಗೇಟು ದಾಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.